ಇಂಪ್ಲಾಂಟ್ ಎಲ್ಲಿ ಕೂರಬೇಕು: ಸ್ನಾಯುವಿನ ಮೇಲೋ, ಕೆಳಗೋ?

ಪ್ರಶ್ನೆ: ನನಗೆ 33 ವರ್ಷ, ಊರು ಗದಗ. ಎರಡನೇ ಮಗು ಹಾಲು ಬಿಟ್ಟ ಮೇಲೆ ಎದೆ ಸಣ್ಣದಾಗಿದೆ, ಸ್ವಲ್ಪ ಜೋತೂ ಬಿದ್ದಿದೆ. ಹುಬ್ಬಳ್ಳಿಯಲ್ಲಿ ಇಬ್ಬರು ಡಾಕ್ಟರಿಗೆ ತೋರಿಸಿದೆ. ಒಬ್ಬರು ಇಂಪ್ಲಾಂಟನ್ನು (ಎದೆ ತುಂಬಿಕೊಳ್ಳಲು ಒಳಗೆ ಇಡುವ ಮೆತ್ತನೆಯ ಚೀಲ) ಎದೆಯ ಸ್ನಾಯುವಿನ ಕೆಳಗೆ ಇಡೋಣ ಎಂದರು, ಇನ್ನೊಬ್ಬರು ಮೇಲೆ ಸಾಕು ಎಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಅವರು ನಿಮ್ಮ ಎದೆಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ಅಳೆದರಾ? ಈ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಹಿಡಿದಾಗ ಸಿಗುವ ಚರ್ಮ, ಕೊಬ್ಬು ಎಲ್ಲ ಸೇರಿ 2 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಸಾಮಾನ್ಯವಾಗಿ ಮೇಲ್ಭಾಗಕ್ಕೆ ಸ್ನಾಯುವಿನ ಹೊದಿಕೆ ಬೇಕು. ಇಲ್ಲದಿದ್ದರೆ ಇಂಪ್ಲಾಂಟಿನ ಅಂಚು ಹೊರಗೆ ಎದ್ದು ಕಾಣುತ್ತದೆ, ಕೆಲವರಲ್ಲಿ ಸುಕ್ಕು ಕೈಗೂ ಸಿಗುತ್ತದೆ. ಮೈ ತುಂಬಿಕೊಂಡವರಿಗೆ ಸ್ನಾಯುವಿನ ಮೇಲೆ ಇಟ್ಟರೂ ಚೆನ್ನಾಗಿಯೇ ಕೂರುತ್ತದೆ. ಅಳತೆ ಮಾಡದೆ, ಫೋಟೋ ತೋರಿಸಿ ಜಾಗ ಹೇಳಿದವರ ಮಾತಿಗೆ ನಾನಂತೂ ಜಾಸ್ತಿ ಬೆಲೆ ಕೊಡುವುದಿಲ್ಲ.

ಮೇಲೆ ಇಟ್ಟರೆ ನೋವು ಕಡಿಮೆ, ಚೇತರಿಕೆ ಬೇಗ. ಆದರೆ ದೇಹ ಯಾವುದೇ ಹೊರಗಿನ ವಸ್ತುವಿನ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ. ಈ ತೊಂದರೆ ಸ್ನಾಯುವಿನ ಕೆಳಗೆ ಇಟ್ಟವರಿಗಿಂತ ಮೇಲೆ ಇಟ್ಟವರಲ್ಲಿ ಹೆಚ್ಚು.

ಹಾಗಾದರೆ ಕೆಳಗೇ ಇಡಿಸಿಬಿಡಬಹುದಲ್ವಾ? ಅದಕ್ಕೂ ಬೆಲೆ ಇದೆ. ಮೊದಲ ವಾರ ನೋವು ಜಾಸ್ತಿ. ಎದೆಯ ಸ್ನಾಯು ಬಿಗಿಯಾದಾಗಲೆಲ್ಲ ಇಂಪ್ಲಾಂಟ್ ಪಕ್ಕಕ್ಕೆ ಸರಿದಂತೆ, ಚರ್ಮ ಒಳಗೆ ಎಳೆದಂತೆ ಕಾಣಬಹುದು. ಜಿಮ್‌ನಲ್ಲಿ ಭಾರ ಎತ್ತುವವರಿಗೆ ಇದನ್ನು ಡಾಕ್ಟರೇ ಹೇಳುತ್ತಾರೆ. ನಮ್ಮ ಕಡೆ ದಿನಾ ಜೋಳದ ರೊಟ್ಟಿ ಬಡಿಯುವವರು, ಹಿಟ್ಟು ನಾದುವವರು, ತುಂಬಿದ ಕೊಡ ಎತ್ತುವವರು ಬಳಸುವುದೂ ಅದೇ ಸ್ನಾಯು. ಹಾಗಾಗಿ ನಿಮ್ಮ ಕೈಗಳು ದಿನವಿಡೀ ಏನು ಮಾಡುತ್ತವೆ ಎಂದು ಡಾಕ್ಟರ ಮುಂದೆ ನೀವೇ ಬಿಚ್ಚಿ ಹೇಳಬೇಕು. ಆಪರೇಷನ್ ಆದ ಮೇಲೆ ಸುಮಾರು 4ರಿಂದ 6 ವಾರ ಇಂಥ ಕೆಲಸಕ್ಕೆ ರಜೆ. ಚಿಕ್ಕ ಮಗುವನ್ನು ಎತ್ತಿಕೊಳ್ಳುವುದೂ ಅದರಲ್ಲೇ ಬಂತು. ಅತ್ತೆಯೋ ತಾಯಿಯೋ ಆಗ ಮನೆಯಲ್ಲಿ ಇರುತ್ತಾರಾ ನೋಡಿಕೊಂಡು ತಾರೀಖು ಹಿಡಿಯಿರಿ.

ಮೂರನೇ ದಾರಿಯೂ ಇದೆ: ಡ್ಯುಯಲ್ ಪ್ಲೇನ್. ಸ್ನಾಯುವಿನ ಕೆಳ ಅಂಚನ್ನು ಬಿಡಿಸುತ್ತಾರೆ. ಇಂಪ್ಲಾಂಟಿನ ಮೇಲ್ಭಾಗಕ್ಕೆ ಸ್ನಾಯು ಹೊದಿಕೆಯಾಗುತ್ತದೆ, ಕೆಳಭಾಗ ಮಾತ್ರ ನೇರವಾಗಿ ಸ್ತನದ ಹಿಂದೆ ಇರುತ್ತದೆ. ಈಗ ಎಷ್ಟೋ ಡಾಕ್ಟರು ‘ಸ್ನಾಯುವಿನ ಕೆಳಗೆ’ ಎಂದಾಗ ಅವರ ಮನಸ್ಸಿನಲ್ಲಿ ಇರುವುದು ಇದೇ. ಪೂರ್ತಿ ಕೆಳಗೋ, ಡ್ಯುಯಲ್ ಪ್ಲೇನೋ ಎಂದು ನೇರವಾಗಿ ಕೇಳಿ.

ನಿಮ್ಮ ವಿಷಯದಲ್ಲಿ ಇದು ಮುಖ್ಯ, ಯಾಕೆಂದರೆ ಜೋತು ಬಿದ್ದಿದೆ ಅಂದಿದ್ದೀರಿ. ಜೋತ ಎದೆಗೆ ಪೂರ್ತಿ ಸ್ನಾಯುವಿನ ಕೆಳಗೆ ಇಟ್ಟರೆ ಇಂಪ್ಲಾಂಟ್ ಮೇಲೆಯೇ ನಿಲ್ಲುತ್ತದೆ, ನಿಮ್ಮ ಸ್ತನ ಅದರ ಮುಂದೆ ಜಾರುತ್ತದೆ. ನೋಡಲು ಎರಡು ಉಬ್ಬು. ಸ್ವಲ್ಪವೇ ಜೋತಿದ್ದರೆ ಡ್ಯುಯಲ್ ಪ್ಲೇನ್ ಸಾಕಾಗಬಹುದು. ಮೊಲೆತೊಟ್ಟು ಸ್ತನದ ಕೆಳಗಿನ ಮಡಿಕೆಗಿಂತ ಕೆಳಗೆ ಇಳಿದಿದ್ದರೆ ಎತ್ತಿ ಹೊಲಿಯುವ ಆಪರೇಷನ್ ಬೇಕಾಗುತ್ತದೆ. ಕೆಲವರಿಗೆ ಅಷ್ಟೇ ಸಾಕು, ಇಂಪ್ಲಾಂಟೇ ಬೇಡ. ಹಾಲು ಬಿಡಿಸಿ ಆರು ತಿಂಗಳು ಆಗಿಲ್ಲವೆಂದರೆ ಸುಮ್ನೆ ಕಾಯಿರಿ. ಆಕಾರ ಇನ್ನೂ ಬದಲಾಗುತ್ತಿರುತ್ತದೆ.

ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸುವಾಗ ಸ್ನಾಯುವಿನ ಕೆಳಗಿನ ಇಂಪ್ಲಾಂಟ್ ಕಡಿಮೆ ಅಡ್ಡ ಬರುತ್ತದೆ. ಎಲ್ಲಿದ್ದರೂ ಟೆಕ್ನೀಷಿಯನ್‌ಗೆ ಮೊದಲೇ ಹೇಳಿ. ಅವರು ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಹೆಚ್ಚಿನ ಚಿತ್ರ ತೆಗೆಯುತ್ತಾರೆ.

ಡಾಕ್ಟರ ಬೋರ್ಡಿನಲ್ಲಿ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ. ‘ಕಾಸ್ಮೆಟಿಕ್’ ಎಂಬ ಒಂದೇ ಪದ ಸಾಲದು. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವೂ ಅಲ್ಲ. ಮುಂದೊಂದು ದಿನ ಬದಲಿಸುವ ಅಥವಾ ತೆಗೆಸುವ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.