ಹೊಗೆ ನಿಯಮಕ್ಕೆ ಬಜೆಟ್‌ನಲ್ಲಿ ಬೀಳುವ ಬೀಗ

1995ರಲ್ಲಿ ಅಮೆರಿಕದ ಸಾರಿಗೆ ಇಲಾಖೆಯ ಬಜೆಟ್ ಕಾಯ್ದೆಗೆ ಒಂದು ಸಾಲು ಸೇರಿತು. ಅದರ ತಾತ್ಪರ್ಯ ಇಷ್ಟೇ: ಈಗಿರುವ ಮೈಲೇಜ್ ಮಿತಿಗಿಂತ (ಕಂಪನಿಯ ಹೊಸ ಗಾಡಿಗಳು ಸರಾಸರಿ ಕೊಡಲೇಬೇಕಾದ ಕನಿಷ್ಠ ಮೈಲೇಜ್) ಬೇರೆ ಮಿತಿಯನ್ನು ಸಿದ್ಧಪಡಿಸುವುದಕ್ಕಾಗಲಿ, ಪ್ರಸ್ತಾಪಿಸುವುದಕ್ಕಾಗಲಿ, ಹೊರಡಿಸುವುದಕ್ಕಾಗಲಿ ಈ ಹಣ ಬಳಸುವಂತಿಲ್ಲ. ಮೈಲೇಜ್ ಕಾನೂನನ್ನು ಯಾರೂ ರದ್ದು ಮಾಡಲಿಲ್ಲ. 1975ರಲ್ಲಿ ಬಂದ ಆ ಕಾನೂನು ಹಾಗೇ ಉಳಿಯಿತು. ಅದನ್ನು ನಡೆಸಬೇಕಾದ ಅಧಿಕಾರಿಗಳ ಕೈ ಮಾತ್ರ ಕಟ್ಟಿಹೋಯಿತು.

ನಾನು ಬೆಂಗಳೂರಿನಲ್ಲಿ ಎಂಜಿನ್ ಕ್ಯಾಲಿಬ್ರೇಷನ್ ಕೆಲಸ ಮಾಡುತ್ತೇನೆ. ಎಂಜಿನ್‌ಗೆ ಯಾವ ಹೊತ್ತಿನಲ್ಲಿ ಎಷ್ಟು ಇಂಧನ ಹೋಗಬೇಕು, ಹೊಗೆ ಹೇಗೆ ಮಿತಿಯೊಳಗೆ ಉಳಿಯಬೇಕು ಅಂತ ಲೆಕ್ಕ ಕಟ್ಟುವುದು ನಮ್ಮ ಕಸುಬು. ಅಮೆರಿಕದಲ್ಲಿ ಓಡುವ ಗಾಡಿಗಳ ಕೆಲಸವೂ ಇಲ್ಲಿ ಸಾಕಷ್ಟು ನಡೆಯುತ್ತದೆ. ಹಾಗಾಗಿ ವಾಷಿಂಗ್ಟನ್ನಿನ ಬಜೆಟ್ ಜಗಳ ನಮ್ಮ ಟೆಸ್ಟ್ ಬೆಂಚಿನ ತನಕ ಬರುತ್ತದೆ.

ಮೈಲೇಜ್‌ಗೂ ಹೊಗೆಗೂ ಏನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲ್ ಉರಿದರೆ ಸುಮಾರು 8.9 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಹಿಡಿದಿಡುವ ಫಿಲ್ಟರ್ ಗಾಡಿಯಲ್ಲಿ ಇಲ್ಲ. ಕಡಿಮೆ ಇಂಧನ ಸುಡುವುದೊಂದೇ ದಾರಿ.

ಹಣ ತಡೆದರೆ ನಿಯಮ ಹೇಗೆ ನಿಲ್ಲುತ್ತದೆ? ಸಂಸತ್ತು ಮಂಜೂರು ಮಾಡದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಅಂತ ಅಮೆರಿಕದ ಸಂವಿಧಾನವೇ ಹೇಳುತ್ತದೆ. ಮಂಜೂರಾಗದ ಕೆಲಸಕ್ಕೆ ಗೊತ್ತಿದ್ದೂ ಖರ್ಚು ಮಾಡಿದ ಅಧಿಕಾರಿಯ ಮೇಲೆ ಮೊಕದ್ದಮೆಯೂ ಆಗಬಹುದು. ಸಂಬಳ ಬೇಡ, ರಜೆಯ ದಿನ ಬಂದು ಸುಮ್ನೆ ಮಾಡಿಕೊಡ್ತೀನಿ ಅಂದರೂ ನಡೆಯುವುದಿಲ್ಲ. ಅಂಥ ಬಿಟ್ಟಿ ಸೇವೆಗೂ ಕಾನೂನಿನ ಅಡ್ಡಿ ಇದೆ. ಬಜೆಟ್ ಮಸೂದೆ ಪಾಸಾಗದಿದ್ದರೆ ಇಲಾಖೆಗಳೇ ಮುಚ್ಚುತ್ತವೆ. ಅಧ್ಯಕ್ಷರು ಇಡೀ ಮಸೂದೆಗೆ ಸಹಿ ಹಾಕಬೇಕು, ಇಲ್ಲವೇ ಇಡೀ ಮಸೂದೆ ವಾಪಸ್ ಕಳಿಸಬೇಕು. ಒಂದು ಸಾಲು ಮಾತ್ರ ಹೊಡೆದುಹಾಕುವ ಅಧಿಕಾರ ಕೆಲಕಾಲ ಇತ್ತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತೆಗೆಯಿತು. ಹೀಗೆ ಬಜೆಟ್‌ಗೆ ಅಂಟಿಸುವ ಷರತ್ತಿಗೆ ಅಲ್ಲಿ ರೈಡರ್ ಅನ್ನುತ್ತಾರೆ.

1995ರ ರೈಡರ್ ಹಿಂದೆ ಇದ್ದವರು ಟೆಕ್ಸಾಸ್‌ನ ರಿಪಬ್ಲಿಕನ್ ಸಂಸದ ಟಾಮ್ ಡಿಲೇ. ಹಿಂದಿನ ವರ್ಷವಷ್ಟೇ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೈಟ್ ಟ್ರಕ್‌ಗಳ ಮಿತಿ ಏರಿಸುವ ಬಗ್ಗೆ ಅಭಿಪ್ರಾಯ ಕೇಳಿತ್ತು. ಲೈಟ್ ಟ್ರಕ್ ಅಂದರೆ ಪಿಕಪ್, ವ್ಯಾನ್, ಎಸ್‌ಯುವಿ. ರೈಡರ್ ಬಂದ ಮೇಲೆ ಆ ಕಡತ ಅಲ್ಲಿಗೇ ನಿಂತಿತು. ಆಮೇಲೆ ಪ್ರತಿ ವರ್ಷದ ಬಜೆಟ್‌ನಲ್ಲೂ ಅದೇ ಷರತ್ತು ಮತ್ತೆ ಬಂತು. 2001ರ ಡಿಸೆಂಬರ್‌ವರೆಗೂ ಹೀಗೇ ನಡೆಯಿತು.

ಇಲ್ಲಿ ಒಂದು ತಾಂತ್ರಿಕ ಸಂಗತಿ ಇದೆ. ನನಗೆ ಇಡೀ ಕಥೆಯಲ್ಲಿ ಇದೇ ಮುಖ್ಯ ಅನಿಸುತ್ತದೆ. ಮಿತಿಯನ್ನು ಬಿಗಿ ಮಾಡುವುದಾದರೆ ಆ ಮಾದರಿ ವರ್ಷ (ಮಾಡೆಲ್ ಇಯರ್) ಶುರುವಾಗುವ 18 ತಿಂಗಳು ಮೊದಲೇ ಪ್ರಕಟಿಸಬೇಕು ಅಂತ ಮೈಲೇಜ್ ಕಾನೂನು ಹೇಳುತ್ತದೆ. ಅದು ನ್ಯಾಯವೇ. ಎಂಜಿನ್ ಬದಲಿಸಲು ಕಂಪನಿಗೂ ಸಮಯ ಬೇಕಲ್ವಾ? ಆದರೆ ಇದರಿಂದಾಗಿ ಒಂದು ವರ್ಷದ ರೈಡರ್‌ನ ಏಟು ಮುಂದಿನ ವರ್ಷಗಳ ಗಾಡಿಗಳ ಮೇಲೆ ಬೀಳುತ್ತದೆ. 2001ರ ಡಿಸೆಂಬರ್‌ನಲ್ಲಿ ಬೀಗ ತೆಗೆದಾಗ 2004ರ ಟ್ರಕ್‌ಗಳಿಗೆ ಮಿತಿ ಪ್ರಕಟಿಸಲು ಉಳಿದಿದ್ದು ಕೆಲವೇ ತಿಂಗಳು. ಆರು ವರ್ಷ ವಿಶ್ಲೇಷಣೆಯನ್ನೇ ಮಾಡದ ಸಂಸ್ಥೆ ಅಷ್ಟರಲ್ಲಿ ಹೊಸ ಮಿತಿಯನ್ನು ಎಲ್ಲಿಂದ ತರುತ್ತದೆ? ಹಳೆಯ ಮಿತಿಯನ್ನೇ ಮತ್ತೆ ಹೊರಡಿಸಿತು. ಹೀಗೆ 1996ರಿಂದ 2004ರವರೆಗೆ ಒಂಬತ್ತು ಮಾದರಿ ವರ್ಷ ಲೈಟ್ ಟ್ರಕ್‌ಗಳ ಮಿತಿ ಗ್ಯಾಲನ್‌ಗೆ 20.7 ಮೈಲಿಯಲ್ಲೇ ನಿಂತಿತು. 2005ಕ್ಕೆ 21.0, 2006ಕ್ಕೆ 21.6, 2007ಕ್ಕೆ 22.2 ಅಂತ ನಿಧಾನವಾಗಿ ಕದಲಿತು.

ಆ ವರ್ಷಗಳಲ್ಲೇ ಅಮೆರಿಕದ ಜನ ಕಾರು ಬಿಟ್ಟು ಎಸ್‌ಯುವಿ ಹತ್ತಿದರು. ಕಾರಿನ ಮಿತಿ 27.5 ಇತ್ತು, ಟ್ರಕ್‌ನದು ಸಡಿಲ. ಅಲ್ಲಿನ ಹೊಸ ಗಾಡಿಗಳ ಸರಾಸರಿ ಮೈಲೇಜ್ 1987ರಲ್ಲಿ ಮೇಲಕ್ಕೇರಿ, ಆಮೇಲೆ 2004ರ ತನಕ ಇಳಿಮುಖವಾಗಿತ್ತು. ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ. ಎಂಜಿನ್ ತಂತ್ರಜ್ಞಾನ ಸುಧಾರಿಸುತ್ತಲೇ ಇತ್ತು. ಆ ಸುಧಾರಣೆ ಗಾಡಿಯ ತೂಕಕ್ಕೆ, ಅಶ್ವಶಕ್ತಿಗೆ ಹೋಯಿತು. ಇಂಧನದ ಉಳಿತಾಯಕ್ಕೆ ಹೋಗಲಿಲ್ಲ. ಮಿತಿ ಕದಲದಿದ್ದಾಗ ಯಾರೂ ಮೈಲೇಜ್‌ಗೆ ಅಂತ ದುಡ್ಡು ಹಾಕುವುದಿಲ್ಲ. ಇದನ್ನು ನಾನು ಕೆಲಸದಲ್ಲೂ ನೋಡಿದ್ದೇನೆ.

ಅದೇ ಅಸ್ತ್ರ ಆಮೇಲೂ ಹೊರಬಂದಿದೆ. ಇಂಗಾಲದ ಡೈಆಕ್ಸೈಡ್‌ ಕೂಡ ಮಾಲಿನ್ಯವೇ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅದನ್ನು ನಿಯಂತ್ರಿಸಬಹುದು ಅಂತ 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2011ರಲ್ಲಿ ಸಂಸತ್ತಿನ ಕೆಳಮನೆಯಾದ ಹೌಸ್‌ನ ಹಣ ಮಂಜೂರಾತಿ ಸಮಿತಿ, 2016ರ ನಂತರದ ಗಾಡಿಗಳಿಗೆ ಇಂಥ ಮಿತಿ ರೂಪಿಸಲು ಇಪಿಎಗೆ ಹಣ ಇಲ್ಲ ಅನ್ನುವ ಷರತ್ತು ಸೇರಿಸಿತು. 2023ರಲ್ಲಿ ಹೌಸ್ ಪಾಸು ಮಾಡಿದ ಬಜೆಟ್ ಮಸೂದೆಯಲ್ಲಿ 2027 ಮತ್ತು ನಂತರದ ಗಾಡಿಗಳ ನಿಯಮಕ್ಕೆ ಅದೇ ಬಗೆಯ ತಡೆ ಇತ್ತು. ಎರಡೂ ಕಾಯ್ದೆಯಾಗಲಿಲ್ಲ. ಇಪಿಎ ಆ ನಿಯಮವನ್ನು 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಆದರೆ 2025ರ ಜುಲೈನಲ್ಲಿ ಸಹಿಯಾದ ದೊಡ್ಡ ತೆರಿಗೆ-ಖರ್ಚಿನ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು. ಮೈಲೇಜ್ ಮಿತಿ ತಪ್ಪಿದ ಕಂಪನಿ ಕಟ್ಟಬೇಕಾದ ದಂಡವನ್ನು ಸೊನ್ನೆ ಮಾಡಿತು. ಮಿತಿ ಇದೆ, ತಪ್ಪಿದರೆ ದಂಡವಿಲ್ಲ.

ತಡೆಯುವವರ ವಾದವೂ ಹಗುರವಾದುದಲ್ಲ. ಚುನಾಯಿತರಲ್ಲದ ಅಧಿಕಾರಿಗಳು ಇಡೀ ಉದ್ಯಮದ ದಿಕ್ಕು ಬದಲಿಸುತ್ತಿದ್ದಾರೆ, ಗಾಡಿಯ ಬೆಲೆ ಏರುತ್ತದೆ ಅನ್ನುತ್ತಾರೆ. ಅದನ್ನು ಚರ್ಚಿಸಲೇಬೇಕು. ಹಾಗಿದ್ದರೆ ಕಾನೂನನ್ನೇ ತಿದ್ದಲಿ, ಎದುರಿಗೆ ನಿಂತು ಮತ ಹಾಕಲಿ. 2007ರಲ್ಲಿ ಸಂಸತ್ತು ಹಾಗೆ ಮಾಡಿ ತೋರಿಸಿತ್ತು. 2020ರ ಹೊತ್ತಿಗೆ ಕನಿಷ್ಠ 35 ಮೈಲಿ ಅಂತ ಕಾಯ್ದೆಯಲ್ಲೇ ಬರೆಯಿತು. ರಸ್ತೆ, ವಿಮಾನ ನಿಲ್ದಾಣಗಳ ಹಣದ ಜೊತೆ ಸೇರಿಸಿದ ಒಂದು ಸಾಲಿಗೆ ಯಾರೂ ಹೊಣೆ ಹೊರುವುದಿಲ್ಲ. ಅದಕ್ಕಿಂತ ನನಗೆ ಬೇಜಾರಾಗುವುದು, ರೈಡರ್ ಸಿದ್ಧತೆಯನ್ನೂ ತಡೆಯುತ್ತದೆ ಅನ್ನುವುದು. ನಿಯಮ ಸರಿಯೋ ತಪ್ಪೋ ಅಂತ ಲೆಕ್ಕ ಹಾಕುವ ಕೆಲಸವೇ ನಿಂತುಹೋಗುತ್ತದೆ. ಲೆಕ್ಕ ಬಲ್ಲವರು ಬೇರೆ ಕೆಲಸ ನೋಡಿಕೊಂಡರೆ ಅವರನ್ನು ಮತ್ತೆ ಕೂಡಿಸುವುದು ಸುಲಭವಲ್ಲ.

ನಮ್ಮಲ್ಲಿ ಈ ತೊಂದರೆ ಇಲ್ಲ. ಭಾರತ್ ಸ್ಟೇಜ್ (ಬಿಎಸ್) ಹೊಗೆ ಮಿತಿಗಳನ್ನು ಕೇಂದ್ರ ಸಾರಿಗೆ ಸಚಿವಾಲಯ ಅಧಿಸೂಚನೆಯಿಂದ ತರುತ್ತದೆ. ಲೋಕಸಭೆಯಲ್ಲಿ ಬಹುಮತವಿರುವ ಸರ್ಕಾರದ ಇಲಾಖೆಯ ಹಣಕ್ಕೆ ಕತ್ತರಿ ಬೀಳುವುದು ಕಷ್ಟ. ನಮ್ಮ ಕಾಟ ಬೇರೆ, ಗಡುವು ಮುಂದಕ್ಕೆ ಹಾಕಿ ಅನ್ನುವ ಒತ್ತಡ. 2020ರ ಏಪ್ರಿಲ್ 1ರಿಂದ ಬಿಎಸ್-4 ಗಾಡಿ ಮಾರುವಂತಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಸಾಮಾನ್ಯವಾಗಿ ಬೇಸಿಗೆಯಲ್ಲೇ ಹೌಸ್‌ನ ಸಮಿತಿಗಳು ಮಸೂದೆ ಸಿದ್ಧಮಾಡುತ್ತವೆ. ನಮ್ಮಲ್ಲಿ ಅಮೆರಿಕದ ಗಾಡಿಗಳ ಯೋಜನೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ, ಆ ಮಸೂದೆಯ ಮೊತ್ತಗಳನ್ನು ಬಿಟ್ಟು ಕೊನೆಯ ಭಾಗದ ಸಾಮಾನ್ಯ ಷರತ್ತುಗಳನ್ನು ಮೊದಲು ಓದಿ ಅಂತ ಹೇಳುತ್ತೇನೆ. ರೈಡರ್‌ಗಳು ಹೆಚ್ಚಾಗಿ ಸಿಗುವುದು ಅಲ್ಲೇ.