ಗಣಿ ದುಡ್ಡಿನ ಗಂಟು ಒಂದಲ್ಲ, ಎರಡು

ಬಳ್ಳಾರಿ ಜಿಲ್ಲೆಯ ಸಂಡೂರು ಕಡೆ ‘ಗಣಿ ದುಡ್ಡು’ ಅಂದರೆ ಸಾಕು, ಮಾತು ಜೋರಾಗುತ್ತದೆ. ಸಾವಿರಾರು ಕೋಟಿ ಇದೆಯಂತಲ್ಲ, ನಮ್ಮೂರಿಗೆ ಏನು ಬಂತು? ಕೇಳುವವರು ಒಂದು ದುಡ್ಡಿನ ಬಗ್ಗೆ ಕೇಳುತ್ತಾರೆ, ಉತ್ತರ ಇನ್ನೊಂದರ ಬಗ್ಗೆ ಬರುತ್ತದೆ. ಗೊಂದಲ ಇಲ್ಲಿಂದಲೇ ಶುರು.

ಈ ಬೆಟ್ಟಗಳಲ್ಲಿ ನೂರು ವರ್ಷದಿಂದ ಅದಿರು ತೆಗೆಯುತ್ತಿದ್ದಾರೆ. ಮೊದಲು ಮ್ಯಾಂಗನೀಸ್, ಆಮೇಲೆ ಕಬ್ಬಿಣ. 2003ರಲ್ಲಿ ಸರ್ಕಾರ ರಾಜ್ಯದಾದ್ಯಂತ 11,620 ಚದರ ಕಿ.ಮೀ. ಜಾಗವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಅದೇ ಹೊತ್ತಿಗೆ ಚೀನಾ ಅದಿರಿಗೆ ಮುಗಿಬಿತ್ತು. ಮುಂದಿನ ಏಳೆಂಟು ವರ್ಷ ನೋಡಿದವರು ಮರೆಯುವುದಿಲ್ಲ. ಮುಗಿಯದ ಲಾರಿ ಸಾಲು. ಎತ್ತಿಗೆ ಸೊಪ್ಪೆ ಹಾಕುವ ಮೊದಲು ಕಟ್ಟು ಜಾಡಿಸಬೇಕು, ಇಲ್ಲದಿದ್ದರೆ ಮೇವಿಗಿಂತ ಕೆಂಪು ದೂಳೇ ಜಾಸ್ತಿ. ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ಇಟ್ಟಿಗೆ ಬಣ್ಣ.

ಹಾಗಂತ ಊರಿಗೆ ಊರೇ ಗಣಿ ಬೇಡ ಅಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟಿದ್ದರು. ಕೆಲವರು ಸಾಲ ಮಾಡಿ ಲಾರಿ ಕೊಂಡಿದ್ದರು. ದೂಳು ತಿಂದವರು, ಕೂಲಿ ತಿಂದವರು ಒಂದೇ ಮನೆಯಲ್ಲಿದ್ದರು.

ಅಕ್ರಮ ಗಣಿಗಾರಿಕೆ ವಿರುದ್ಧ ಕೋರ್ಟಿಗೆ ಹೋದದ್ದು ಸಮಾಜ ಪರಿವರ್ತನ ಸಮುದಾಯ. 1987ರಲ್ಲಿ ಗೋಮಾಳದ ನೀಲಗಿರಿ ವಿರುದ್ಧ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದ ಎಸ್.ಆರ್. ಹಿರೇಮಠರ ಸಂಘಟನೆ ಅದು. 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು, ಒಂದೆರಡು ದಿನಕ್ಕೆ ಕೋರ್ಟ್ ಆದೇಶದಿಂದ ಬಳ್ಳಾರಿಯಲ್ಲಿ ಗಣಿ ನಿಂತಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಲ್ಲೂ ನಿಂತಿತು. ದೂಳು ನಿಂತಿತು, ಕೂಲಿಯೂ ನಿಂತಿತು. ಕೋರ್ಟಿನ ಮುಂದೆ ಹೆಕ್ಟೇರು, ಟನ್ನು, ಗಡಿಕಲ್ಲು ಎಲ್ಲ ಲೆಕ್ಕಕ್ಕೆ ಬಂದವು. ಕೂಲಿ ಕಳೆದುಕೊಂಡವರ ಲೆಕ್ಕ ಹಿಂದೆ ಉಳಿಯಿತು.

ಈ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ 2013ರ ತೀರ್ಪಿನ ಬಳಿಕ ದುಡ್ಡಿನ ಮೊದಲ ಗಂಟು ದಪ್ಪವಾಯಿತು. ಅದಿರು ಮಾರಿದ ಹಣದ ಒಂದು ಪಾಲು, ಗುತ್ತಿಗೆ ಜಾಗದ ಗೆರೆ ದಾಟಿ ಅಗೆದವರ ದಂಡ ಇದರಲ್ಲಿವೆ. ನೋಡಿಕೊಳ್ಳಲು 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಯೋಜನೆ ಬರೆಯುವುದು, ತಿದ್ದುವುದು, ಮತ್ತೆ ಬರೆಯುವುದು ನಡೆದೇ ಇತ್ತು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಅದರಲ್ಲಿ ನೀರು, ಆಸ್ಪತ್ರೆ ಜೊತೆ ರಸ್ತೆ, ರೈಲೂ ಇವೆ. ಅದಿರು ಸಾಗಿಸುವ ರೈಲು ಗಣಿಬಾಧಿತರಿಗೆ ಪರಿಹಾರ ಹೇಗಾಯಿತು ಅಂತ ಕೇಳಿದರೆ, ಲಾರಿ ಕಡಿಮೆಯಾಗುತ್ತದೆ ಅಂತಾರೆ. ಇರಬಹುದು.

ಎರಡನೆಯ ಗಂಟು ಜಿಲ್ಲಾ ಖನಿಜ ಪ್ರತಿಷ್ಠಾನದ್ದು. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಹಳೆ ಗುತ್ತಿಗೆದಾರರು ರಾಜಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಇದಕ್ಕೆ ಕೊಡಬೇಕು. ಈ ದುಡ್ಡು ಆಯಾ ಜಿಲ್ಲೆಯಲ್ಲೇ ಇರುತ್ತದೆ. 2024ರ ಹೊಸ ನಿಯಮದ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಬಾಧಿತ ಪ್ರದೇಶ, 25 ಕಿ.ಮೀ. ತನಕ ಪರೋಕ್ಷ. ಅಳತೆ ಶುರುವಾಗುವುದು ಗಣಿಯಿಂದ. ಲಾರಿ ಹೋಗುವ ರಸ್ತೆಯಿಂದ ಅಲ್ಲ.

ಹಾಗಾಗಿ ಈಗ ಅರ್ಜಿ ಹಿಡಿದು ಹೊರಟವರು ಮೊದಲು ತಿಳಿಯಬೇಕಾದ್ದು ಒಂದೇ. ಕೇಳುತ್ತಿರುವುದು ಬೆಂಗಳೂರಿನ ನಿಗಮದ ದುಡ್ಡೋ, ಜಿಲ್ಲೆಯ ಪ್ರತಿಷ್ಠಾನದ ದುಡ್ಡೋ?