ಶ್ರಮದ ಲೆಕ್ಕ, ಹಿತದ ಲೆಕ್ಕ: ವಯಸ್ಕರ ವ್ಯಾಯಾಮದ ಬಗ್ಗೆ ಅಧ್ಯಯನ ಟಿಪ್ಪಣಿ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆಯನ್ನೋ 75ರಿಂದ 150 ನಿಮಿಷ ಹೆಚ್ಚು ತೀವ್ರತೆಯ ಚಟುವಟಿಕೆಯನ್ನೋ ಮಾಡಬೇಕು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನ ಶೇ. 31ರಷ್ಟು ವಯಸ್ಕರು ಇದರ ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. ಭಾರತದಲ್ಲಿ ಆ ಪ್ರಮಾಣ ಅರ್ಧದ ಹತ್ತಿರವಿದ್ದು, ಮಹಿಳೆಯರಲ್ಲಿ ಶೇ. 57 ಮತ್ತು ಪುರುಷರಲ್ಲಿ ಶೇ. 42ರಷ್ಟಿತ್ತು. ವ್ಯಾಯಾಮ ಒಳ್ಳೆಯದೆಂದು ಇವರಲ್ಲಿ ಬಹುತೇಕರಿಗೆ ಗೊತ್ತಿದ್ದೇ ಇರುತ್ತದೆ. ಆದ್ದರಿಂದ ತಿಳಿವಳಿಕೆಯ ಕೊರತೆಗಿಂತ ಮೊದಲು ಅನುಭವದ ಕಡೆಗೆ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಎರಡು ಮಾಪಕಗಳು

ಈ ಅಧ್ಯಾಯದಲ್ಲಿ ಎಡವುವ ಜಾಗ ಇದೇ ಆದ್ದರಿಂದ ನಿಧಾನವಾಗಿ ಓದಿಕೊಳ್ಳಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಮಾಪಕವು 6ರಿಂದ (ಶ್ರಮವೇ ಇಲ್ಲ) 20ರವರೆಗೆ (ಗರಿಷ್ಠ ಶ್ರಮ) ಇದ್ದು, ವ್ಯಕ್ತಿಗೆ ತಾನು ಎಷ್ಟು ಶ್ರಮಪಡುತ್ತಿರುವಂತೆ ಅನಿಸುತ್ತದೆ ಎಂಬುದನ್ನು ಅಳೆಯುತ್ತದೆ. ಅದು ಸೊನ್ನೆಯ ಬದಲು 6ರಿಂದ ಶುರುವಾಗುವುದೇಕೆಂದರೆ, ಅಂಕಿಯನ್ನು ಹತ್ತರಿಂದ ಗುಣಿಸಿದಾಗ ಆರೋಗ್ಯವಂತ ಯುವಜನರ ಹೃದಯ ಬಡಿತಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ಪರೀಕ್ಷೆಯಲ್ಲಿ ಮಾಪಕ ಮರೆತರೆ ವಿಶ್ರಾಂತಿಯಲ್ಲಿರುವವರ ನಾಡಿಯ 60ನ್ನು ನೆನಪಿಸಿಕೊಂಡರೆ ಸಾಕು. ಹಾರ್ಡಿ ಮತ್ತು ರೆಜೆಸ್ಕಿ 1989ರಲ್ಲಿ ಪ್ರಕಟಿಸಿದ ಭಾವ ಮಾಪಕವು -5ರಿಂದ +5ರವರೆಗೆ ಇದ್ದು, ಈ ಕ್ಷಣ ಹಿತವಾಗಿದೆಯೇ ಅಹಿತವಾಗಿದೆಯೇ ಎಂದು ಕೇಳುತ್ತದೆ.

ಶ್ರಮ ಏರಿದಂತೆಲ್ಲ ಹಿತ ಅದೇ ಲೆಕ್ಕದಲ್ಲಿ ಇಳಿಯುವುದಾದರೆ ಎರಡನೆಯ ಮಾಪಕವೇ ಬೇಕಿರಲಿಲ್ಲ. ಒಬ್ಬರು ಬಿರುಸಾಗಿ ನಡೆಯುತ್ತ ಶ್ರಮಕ್ಕೆ 11, ಹಿತಕ್ಕೆ +3 ಎನ್ನಬಹುದು. ಪಕ್ಕದಲ್ಲೇ ನಡೆಯುತ್ತಿರುವ ಇನ್ನೊಬ್ಬರು ಶ್ರಮಕ್ಕೆ ಅದೇ 11 ಕೊಟ್ಟು, ಮೊಣಕಾಲಿನ ನೋವಿನಿಂದಲೋ ಜನ ನೋಡುತ್ತಾರೆಂಬ ಸಂಕೋಚದಿಂದಲೋ ಹಿತಕ್ಕೆ -1 ಎನ್ನಬಹುದು. ಶ್ರಮದ ಅಂಕಿಯನ್ನಷ್ಟೇ ಬರೆದುಕೊಳ್ಳುವ ತರಬೇತುದಾರರಿಗೆ ಇಬ್ಬರೂ ಒಂದೇ.

ಈ ಎರಡರ ಸಂಬಂಧ ಎಲ್ಲಿ ಬದಲಾಗುತ್ತದೆ ಎಂಬುದನ್ನು ವ್ಯಾಯಾಮ ಮನೋವಿಜ್ಞಾನಿ ಎಕ್ಕೆಕಾಕಿಸ್ ಅವರ ದ್ವಿವಿಧ ಸಿದ್ಧಾಂತ (ಡ್ಯುಯಲ್-ಮೋಡ್ ಥಿಯರಿ) ವಿವರಿಸುತ್ತದೆ. ಶ್ರಮ ಏರುತ್ತ ಹೋದಂತೆ ಒಂದು ಹಂತದಲ್ಲಿ ಉಸಿರಾಟ ಇದ್ದಕ್ಕಿದ್ದಂತೆ ಜೋರಾಗುತ್ತದೆ. ಅದನ್ನು ವೆಂಟಿಲೇಟರಿ ಥ್ರೆಶೋಲ್ಡ್ ಎನ್ನುತ್ತಾರೆ. ಅದರ ಕೆಳಗೆ ಹೆಚ್ಚಿನವರಿಗೆ ಹಿತವೆನಿಸುತ್ತದೆ. ಅದರ ಆಸುಪಾಸಿನಲ್ಲಿ ಜನರ ಅನುಭವ ಕವಲೊಡೆಯುತ್ತದೆ: ಆತ್ಮವಿಶ್ವಾಸ, ಅಭ್ಯಾಸ, ಗುರಿ ಮುಂತಾದ ಮನಸ್ಸಿನ ಅಂಶಗಳ ಬಲದಿಂದ ಕೆಲವರು ಆ ಏದುಸಿರನ್ನೇ ಆನಂದಿಸುತ್ತಾರೆ, ಕೆಲವರು ಸಾಕಪ್ಪಾ ಎನ್ನುತ್ತಾರೆ. ಅದನ್ನೂ ಮೀರಿದ ಮೇಲೆ ದೇಹದ ಸಂಕೇತಗಳೇ ಮೇಲುಗೈ ಪಡೆದು ಬಹುತೇಕ ಎಲ್ಲರಿಗೂ ಹಿತ ಇಳಿಯುತ್ತದೆ. ಹಂತವನ್ನು ಅಂದಾಜಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಫೋನಿನಲ್ಲಿ ಮಾತಾಡುತ್ತ ಮೆಟ್ಟಿಲು ಹತ್ತುವವರನ್ನು ಗಮನಿಸಿ: ಮೊದಲ ಮಹಡಿಯವರೆಗೆ ಪೂರ್ತಿ ವಾಕ್ಯಗಳು ಬರುತ್ತವೆ, ಆಮೇಲೆ "ಹಾಲು... ಮೊಸರು... ಮತ್ತೆ..." ಎಂದು ಪದಕ್ಕೊಮ್ಮೆ ಉಸಿರು ಬೀಳುತ್ತದೆ. ವಾಕ್ಯ ತುಂಡಾಗತೊಡಗಿದ ಜಾಗವೇ ಸರಿಸುಮಾರು ಆ ಹಂತ.

ಈ ಹಂತಕ್ಕೆ ಎಲ್ಲರಿಗೂ ಅನ್ವಯಿಸುವ ಒಂದು ವೇಗವಿಲ್ಲ. ಅಭ್ಯಾಸವಿಲ್ಲದವರು, ಅದರಲ್ಲೂ ತೂಕ ಹೆಚ್ಚಿರುವವರು, ಬರೀ ಬಿರುಸಿನ ನಡಿಗೆಯಲ್ಲೇ ಅದನ್ನು ದಾಟಬಹುದು. ಜೊತೆಯವರ ವೇಗಕ್ಕೆ ಹೆಜ್ಜೆ ಹಾಕಿದ ಹೊಸಬರು ಮೂರೇ ದಿನಕ್ಕೆ ನಿಲ್ಲಿಸಿದರೆ ಅದನ್ನು ಸೋಮಾರಿತನವೆಂದು ಬರೆಯುವುದು ಅವಸರದ ತೀರ್ಪು. ವ್ಯಾಯಾಮದ ಅಭ್ಯಾಸವಿಲ್ಲದ ವಯಸ್ಕರ ಮೇಲೆ ವಿಲಿಯಮ್ಸ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಮ ತೀವ್ರತೆಯ ವ್ಯಾಯಾಮದ ನಡುವೆ ಹೆಚ್ಚು ಹಿತ ಕಂಡವರು 6 ಮತ್ತು 12 ತಿಂಗಳ ನಂತರವೂ ಹೆಚ್ಚು ಸಕ್ರಿಯರಾಗಿದ್ದರು.

ಊಹೆ ಮತ್ತು ನೆನಪು

ಜನರು ಮುಂದಿನ ವ್ಯಾಯಾಮದ ಖುಷಿಯನ್ನು ಕಡಿಮೆ ಅಂದಾಜಿಸುತ್ತಾರೆಂದು ರೂಬಿ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು; ಅಹಿತವಾದ ಮೊದಲ ಕೆಲವು ನಿಮಿಷಗಳೇ ಕಣ್ಣಮುಂದೆ ನಿಲ್ಲುವುದು ಇದಕ್ಕೆ ಕಾರಣ. ಇನ್ನು ನೆನಪಿನ ವಿಷಯಕ್ಕೆ ಬಂದರೆ, ಅಲ್ಲಿ ವ್ಯಾಯಾಮದ ಕೊನೆಯ ಭಾಗದ ತೂಕ ಹೆಚ್ಚು. ಝೆಂಕೊ, ಎಕ್ಕೆಕಾಕಿಸ್ ಮತ್ತು ಏರಿಯಲಿ 2016ರಲ್ಲಿ ವರದಿ ಮಾಡಿದ 15 ನಿಮಿಷಗಳ ಸೈಕಲ್ ಪ್ರಯೋಗದಲ್ಲಿ, ಕಷ್ಟದಿಂದ ಶುರುವಾಗಿ ಸುಲಭದತ್ತ ಇಳಿದ ಗುಂಪು ಸುಲಭದಿಂದ ಕಷ್ಟದತ್ತ ಏರಿದ ಗುಂಪಿಗಿಂತ ಹಿತವಾದ ನೆನಪನ್ನು ಉಳಿಸಿಕೊಂಡಿತು. ಕೊನೆಯ ಸುತ್ತನ್ನು ಓಡಿ ಮುಗಿಸುವ ನಮ್ಮ ರೂಢಿಗೆ ಇದು ನೇರ ವಿರುದ್ಧ.

ಅಡೆತಡೆಗಳು

ವ್ಯಾಯಾಮಕ್ಕಿರುವ ಅಡೆತಡೆಗಳನ್ನು ಮಿಕಿ (Michie) ಮತ್ತು ಸಂಗಡಿಗರ 2011ರ ಮಾದರಿಯಂತೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಎಂಬ ಮೂರು ತಲೆಬರಹಗಳಡಿ ಹಾಕಿದರೆ ಸಾಕು. ಕಷ್ಟವಿರುವುದು "ಸಮಯವಿಲ್ಲ" ಎಂಬ ಉತ್ತರದಲ್ಲಿ. ಬೆಳಗ್ಗೆ ತಿಂಡಿ, ಡಬ್ಬಿ, ಮಕ್ಕಳ ಶಾಲೆ ಮುಗಿಸಿ ಕೆಲಸಕ್ಕೆ ಹೊರಟು, ಸಂಜೆ ಬೀದಿದೀಪವಿಲ್ಲದ ರಸ್ತೆಗೆ ಮರಳುವ ಮಹಿಳೆಯ ಬಾಯಲ್ಲಿ ಅದು ಅವಕಾಶದ ಕೊರತೆ. ರಾತ್ರಿ ಎರಡು ಗಂಟೆ ಮೊಬೈಲ್ ನೋಡುವವರ ಬಾಯಲ್ಲಿ ಬಹುಮಟ್ಟಿಗೆ ಪ್ರೇರಣೆಯ, ಅಂದರೆ ಹಿತವಿಲ್ಲದ ಅನುಭವದ, ಪ್ರಶ್ನೆ. ಮೊದಲನೆಯವರಿಗೆ ಸ್ಫೂರ್ತಿಯ ಮಾತು ಹೇಳುವುದು ಅನ್ಯಾಯ. ಚಟುವಟಿಕೆ ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿ ಕೈಬಿಟ್ಟಿದೆ. ಹಾಗಾಗಿ ಆ ಮಹಿಳೆ ಬಸ್ ನಿಲ್ದಾಣಕ್ಕೆ ನಾಲ್ಕು ನಿಮಿಷ ಬೇಗಬೇಗ ನಡೆದದ್ದೂ ವಾರದ ಲೆಕ್ಕಕ್ಕೆ ಸೇರುತ್ತದೆ.